ಬೆಕ್ಕಿನ ಮರಿ, ಕೋತಿ ಮರಿ ಮತ್ತು ದೇವರು

ಬೆಕ್ಕು ಮರಿ ಹಾಕಿದರೆ ಏಳು ಮನೆ ಸುತ್ತಿಸುತ್ತದೆ ಅಂತ ನಮ್ಮ ಕಡೆ ಮಾತಿದೆ. ನಮ್ಮ ಪುಟ್ಟಿಗೆ ಏಳು ಮನೆ ಬೇಕಾಗಲಿಲ್ಲ, ಒಂದೇ ಮನೆಯೊಳಗೆ ಸುತ್ತಿಸಿದಳು. ಮೊದಲು ಅಟ್ಟ, ಆಮೇಲೆ ಹಳೇ ಸೀರೆ ಗಂಟಿನ ಮೂಲೆ, ಆಮೇಲೆ ಅಕ್ಕಿ ಡಬ್ಬದ ಹಿಂದೆ. "ಮನುಷ್ಯರ ಕಣ್ಣು ಬಿತ್ತು ಅಂತ ಜಾಗ ಬದಲಿಸ್ತಾಳೆ" ಅನ್ನುವುದು ಅಮ್ಮನ ವಿವರಣೆ. ಪ್ರತಿ ಸಲವೂ ನಾನು ನೋಡುತ್ತಿದ್ದದ್ದು ಮರಿಯನ್ನು. ತಾಯಿ ಕತ್ತಿನ ಹಿಂದಿನ ಚರ್ಮ ಕಚ್ಚಿದ ತಕ್ಷಣ ಅದು ಕೈಕಾಲು ಮುದುರಿ, ಬಾಲ ಒಳಗೆಳೆದು, ಒದ್ದೆ ಬಟ್ಟೆಯ ಹಾಗೆ ತೂಗಾಡುತ್ತಿತ್ತು. ಎಲ್ಲಿಗೆ, ಯಾಕೆ ಅಂತ ಒಂದು ಮಿಯಾಂವ್ ಕೂಡ ಇಲ್ಲ.

ಇದೇ ದೃಶ್ಯವನ್ನು ನಮ್ಮ ಹಿರಿಯರು ವೇದಾಂತದೊಳಗೆ ಎಳೆದು ತಂದಿದ್ದಾರೆ. ಶ್ರೀವೈಷ್ಣವರಲ್ಲಿ ಎರಡು ಪ್ರಸಿದ್ಧ ದೃಷ್ಟಾಂತಗಳಿವೆ: ಮರ್ಕಟ ಕಿಶೋರ ನ್ಯಾಯ, ಮಾರ್ಜಾಲ ಕಿಶೋರ ನ್ಯಾಯ. ಕೋತಿ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವುಚಿ ಹಿಡಿಯಬೇಕು, ತಾಯಿ ಜಿಗಿಯುವಾಗ ಕೈಬಿಟ್ಟರೆ ಮುಗಿಯಿತು. ಮೇಲುಕೋಟೆ ಬೆಟ್ಟ ಹತ್ತಿದವರು ಇದನ್ನು ಕಣ್ಣಾರೆ ನೋಡಿರುತ್ತೀರಿ. ಬೆಕ್ಕಿನ ಮರಿಗೆ ಆ ಕೆಲಸವಿಲ್ಲ, ಹಿಡಿಯುವುದೂ ಒಯ್ಯುವುದೂ ತಾಯಿಯದೇ. ದೇವರನ್ನು ನಂಬುವುದು ಅಂದರೆ ಇವೆರಡರಲ್ಲಿ ಯಾವುದರ ಹಾಗೆ? ವಡಗಲೆಯವರದು ಕೋತಿ ಮರಿ, ತೆಂಗಲೆಯವರದು ಬೆಕ್ಕಿನ ಮರಿ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಹಣೆಯ ನಾಮದ ಆಕಾರದ ಜಗಳ ಗೊತ್ತಿದ್ದಷ್ಟು ಈ ಪ್ರಶ್ನೆ ಎಷ್ಟು ಜನಕ್ಕೆ ಗೊತ್ತೋ!

ತೆಂಗಲೆ ಪರಂಪರೆಗೆ ದೊಡ್ಡ ಹೆಸರು ಪಿಳ್ಳೈ ಲೋಕಾಚಾರ್ಯರದು. ಶ್ರೀರಂಗದಲ್ಲಿದ್ದವರು, 'ಶ್ರೀವಚನಭೂಷಣ' ಬರೆದವರು. ವಡಗಲೆಗೆ ವೇದಾಂತ ದೇಶಿಕರು, ಕಂಚಿಯ ಪಕ್ಕದ ತೂಪ್ಪುಲ್‌ನಲ್ಲಿ ಹುಟ್ಟಿದವರು (1268-1369 ಅಂತ ಸಂಪ್ರದಾಯದ ಲೆಕ್ಕ), 'ರಹಸ್ಯತ್ರಯಸಾರ' ಬರೆದವರು. ಇಬ್ಬರೂ ರಾಮಾನುಜರ ಪರಂಪರೆಯವರೇ. ಎರಡು ಪಂಗಡಗಳಾಗಿ ಗಟ್ಟಿಯಾಗಿ ಒಡೆದದ್ದು ಇವರ ಕಾಲದ ಎಷ್ಟೋ ನಂತರ.

ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸಿದ್ದು ವಾದವಲ್ಲ, 1323ರ ಸುಮಾರಿಗೆ ನಡೆದದ್ದು. ದೆಹಲಿಯ ಸೈನ್ಯ ಶ್ರೀರಂಗದ ಮೇಲೆ ಬಿತ್ತು. ಶರಣಾಗತಿಯ ಬಗ್ಗೆ ಬರೆದ ಇಬ್ಬರೂ ಒಂದೇ ಸಲ ಪರೀಕ್ಷೆಗೆ ಕೂತರು ಅನ್ನಿ. ಸಂಪ್ರದಾಯ ಹೇಳುವ ಪ್ರಕಾರ, ಲೋಕಾಚಾರ್ಯರು ಆಗ ತುಂಬಾ ವಯಸ್ಸಾದವರು. ರಂಗನಾಥನ ಉತ್ಸವ ಮೂರ್ತಿಯನ್ನು ಗುಟ್ಟಾಗಿ ಹೊರಡಿಸಿಕೊಂಡು ದಕ್ಷಿಣಕ್ಕೆ ನಡೆದರು. ಮಧುರೆಯ ಬಳಿಯ ಜ್ಯೋತಿಷ್ಕುಡಿಯಲ್ಲಿ ತೀರಿಕೊಂಡರು. ಶ್ರೀರಂಗವನ್ನು ಮತ್ತೆ ನೋಡಲಿಲ್ಲ.

ದೇಶಿಕರು ಊರಲ್ಲೇ ಉಳಿದು, ಹೆಣಗಳ ನಡುವೆ ಹೆಣದ ಹಾಗೆ ಮಲಗಿ, 'ಶ್ರುತಪ್ರಕಾಶಿಕೆ'ಯ ತಾಳೆಗರಿಗಳನ್ನೂ ಅದನ್ನು ಬರೆದ ಸುದರ್ಶನ ಸೂರಿಗಳ ಇಬ್ಬರು ಗಂಡುಮಕ್ಕಳನ್ನೂ ಉಳಿಸಿಕೊಂಡರಂತೆ. ಆಮೇಲೆ ಅವರು ಬಂದು ಸೇರಿದ್ದು ನಮ್ಮ ಸೀಮೆಗೆ, ಶಿವನಸಮುದ್ರದ ಹತ್ತಿರದ ಸತ್ತೇಗಾಲಕ್ಕೆ. ಭಯ ನೀಗಲಿ ಅಂತ ಬೇಡುವ 'ಅಭೀತಿಸ್ತವ'ವನ್ನು ಅಲ್ಲೇ ರಚಿಸಿದರು ಅನ್ನುತ್ತಾರೆ.

ಮೂರ್ತಿ ಮಾತ್ರ ಊರೂರು ಸುತ್ತಿತು. 'ಕೋಯಿಲ್ ಒಳುಗು' ಅನ್ನುವ ಶ್ರೀರಂಗದ ದೇವಸ್ಥಾನದ ಕಥನದಲ್ಲಿ ಆ ದಾರಿ ಇದೆ. ಕೇರಳ ದಾಟಿ, ಈಗಿನ ಗುಂಡ್ಲುಪೇಟೆ ತಾಲ್ಲೂಕಿನ ತೆರಕಣಾಂಬಿ, ಮೇಲುಕೋಟೆ, ಕೊನೆಗೆ ತಿರುಮಲೆ. ವಿಜಯನಗರದ ಅಧಿಕಾರಿ ಗೋಪಣ್ಣ ಅದನ್ನು ಶ್ರೀರಂಗಕ್ಕೆ ಮರಳಿಸಿದ್ದು 1371ರಲ್ಲಿ, ಅಲ್ಲಿ ಶಾಸನವೇ ಇದೆ. ಹೆಚ್ಚುಕಡಿಮೆ ಐವತ್ತು ವರ್ಷ!

ಈಗ ನೋಡಿ. ದೇವರೇ ಕಚ್ಚಿಕೊಂಡು ಹೋಗುತ್ತಾನೆ, ನೀನು ಸುಮ್ಮನಿರು ಅಂತ ಹೇಳಿದ ಪರಂಪರೆಯ ಮುದುಕ, ದೇವರನ್ನೇ ಮರಿಯ ಹಾಗೆ ಎತ್ತಿಸಿಕೊಂಡು ನಡೆದರು. ಗಟ್ಟಿಯಾಗಿ ಹಿಡಿದುಕೋ ಅಂದ ಪರಂಪರೆಯವರು ಹೆಣಗಳ ನಡುವೆ ಕೈಕಾಲು ಆಡಿಸದೆ ಬಿದ್ದುಕೊಂಡರು. ಬೆಕ್ಕಿನ ನ್ಯಾಯವನ್ನು ಸೋಮಾರಿಗಳ ನ್ಯಾಯ ಅಂತ ಆಡಿಕೊಳ್ಳುವವರು ಇದನ್ನೊಮ್ಮೆ ಯೋಚಿಸಬೇಕು.

ಶಾಸ್ತ್ರದಲ್ಲೂ ದೂರ ನಾವು ತಿಳಿದಷ್ಟಿಲ್ಲ. ದೇಶಿಕರ ಪ್ರಕಾರ ಶರಣಾಗುವುದು ಬರೀ ಒಂದು ವ್ಯಾಜ, ಅಂದರೆ ನೆಪ, ಕಾಪಾಡುವುದು ಕೃಪೆಯೇ. ಲೋಕಾಚಾರ್ಯರ ಪ್ರಕಾರ ಜೀವ ಮಾಡಬೇಕಾದದ್ದು ಅಪ್ರತಿಷೇಧ, ಅಂದರೆ ಬೇಡ ಅನ್ನದೇ ಇರುವುದು. ಬೆಕ್ಕು ಸಾಕಿದ ಮೇಲೆ ಈ ಪದ ನನಗೆ ಅರ್ಥವಾಯಿತು. ಮರಿ ಒದ್ದಾಡಿದರೆ ತಾಯಿಯ ಹಿಡಿತ ತಪ್ಪಬಹುದು. ಹಾಗೆ ಸಡಿಲವಾಗಿ ತೂಗುವುದೂ ಒಂದು ಕೆಲಸವೇ! ವಿಜ್ಞಾನದವರು ಇದನ್ನು ಹುಟ್ಟಿನಿಂದ ಬಂದ ಪ್ರತಿವರ್ತನೆ ಅನ್ನುತ್ತಾರೆ. ನಮಗೆ ಅದು ಹುಟ್ಟಿನಿಂದ ಬಂದಿಲ್ಲ, ಕಲಿಯಬೇಕು, ಅಷ್ಟೇ ವ್ಯತ್ಯಾಸ.

ಹಾಗಂತ ಎಲ್ಲಾ ಸರಿಹೋಯಿತು ಅನ್ನಲಾರೆ. ಪುಟ್ಟಿಯ ನಾಲ್ಕು ಮರಿಗಳಲ್ಲಿ ಒಂದು ತೀರಾ ಬಡಕಲು. ಮೂರನೇ ಸಲ ಜಾಗ ಬದಲಿಸುವಾಗ ಅವಳು ಅದನ್ನು ಒಯ್ಯಲೇ ಇಲ್ಲ. ಅಮ್ಮ ಹತ್ತಿಯಲ್ಲಿ ಹಾಲು ಅದ್ದಿ ಬಾಯಿಗಿಟ್ಟರು, ಎರಡು ದಿನ ಬದುಕಿತ್ತು. ಈ ಮರಿಗೆ ಯಾವ ನ್ಯಾಯ ಅನ್ವಯಿಸುತ್ತದೆ? ಬೆಕ್ಕು ದೇವರಲ್ಲ, ದೃಷ್ಟಾಂತವನ್ನು ಕೊನೆವರೆಗೂ ಎಳೆಯಬಾರದು ಅಂತ ಪಂಡಿತರು ಹೇಳಬಹುದು. ಸರಿಯೇ. ಆದರೆ ಅಮ್ಮನನ್ನು ಕೇಳಿದರೆ, "ಅದಕ್ಕೆ ನಾನಿದ್ದೆನಲ್ಲ, ನನ್ನನ್ನು ಅಲ್ಲಿ ಕೂರಿಸಿದ್ದು ಯಾರು?" ಅಂದರು.

ನನ್ನ ಹತ್ತಿರ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಜ್ಯೋತಿಷ್ಕುಡಿಯಲ್ಲಿ ಕಣ್ಣು ಮುಚ್ಚಿದ ಆ ಮುದುಕರಿಗೂ ಮೂರ್ತಿ ಮರಳಿ ಹೋಗುತ್ತದೋ ಇಲ್ಲವೋ ಗೊತ್ತಾಗುವ ಹಾಗಿರಲಿಲ್ಲ. ಮುಂದೆ ಹೊರುವವರು ಯಾರೋ ಇರುತ್ತಾರೆ ಅಂತ ನಂಬಿಯೇ ಇಳಿಸಿ ಹೋಗಿರಬೇಕು.

ನೀವು ಕೋತಿ ಮರಿಯ ಕಡೆಯವರೋ, ಬೆಕ್ಕಿನ ಮರಿಯ ಕಡೆಯವರೋ? ಮನೆಯಲ್ಲಿ ಬೆಕ್ಕಿದ್ದವರು ಖಂಡಿತ ಹೇಳಿ.