ಕಡಲಿಗೆಷ್ಟು ದೂರ, ಕಚೇರಿಗೆಷ್ಟು ದೂರ

ಬಾಡಿಗೆ 12 ಸಾವಿರ ದಾಟಬಾರದು, ರಾತ್ರಿ ಮಲಗಿದಾಗ ಅಲೆಯ ಸದ್ದು ಕೇಳಬೇಕು, ಆಫೀಸಿಗೆ ಒಂದು ಗಂಟೆಯೊಳಗೆ ಹೋಗಿ ಸೇರಬೇಕು. ಬೆಂಗಳೂರಿನಿಂದ ಕೊಚ್ಚಿಗೆ ವರ್ಗವಾಗಿ ಬಂದಾಗ ಮನೆ ದಲಾಳಿಯ ಮುಂದೆ ನಾನಿಟ್ಟ ಶರತ್ತುಗಳು ಇವು. ಅವನು ನಕ್ಕು, "ಸಾರೇ, ಮೂರರಲ್ಲಿ ಎರಡು ಆರಿಸಿಕೊಳ್ಳಿ" ಎಂದ.

ಅವನು ಹೇಳಿದ್ದು ಸರಿ ಎಂದು ಒಪ್ಪಿಕೊಳ್ಳಲು ನನಗೆ ಒಂದು ತಿಂಗಳು ಬೇಕಾಯಿತು. ಕೊಚ್ಚಿ ಎಂದರೆ ಕಡಲು ಎಂದುಕೊಂಡು ಬಂದವನು ನಾನು. ಆದರೆ ಊರಿನ ವಹಿವಾಟೆಲ್ಲ ನಡೆಯುವ ಎರ್ನಾಕುಲಂ ಮುಖ ಮಾಡಿರುವುದು ಹಿನ್ನೀರಿಗೆ. ಕಡಲು ಇರುವುದು ಅದರಾಚೆ, ಫೋರ್ಟ್ ಕೊಚ್ಚಿ, ವೈಪಿನ್, ಚೆಲ್ಲಾನಂ ಕಡೆ. ಐಟಿ ಕಂಪನಿಗಳ ಕಾಕ್ಕನಾಡ್ ತೀರಾ ವಿರುದ್ಧ ದಿಕ್ಕಿನಲ್ಲಿ, ಪೂರ್ವಕ್ಕೆ.

ಮೊದಲು ನೋಡಿದ್ದು ಫೋರ್ಟ್ ಕೊಚ್ಚಿ. ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಇದ್ದುಹೋದ ದೊಡ್ಡ ಬಂಗಲೆಗಳಲ್ಲಿ ಈಗ ಹೋಂಸ್ಟೇ. 2012ರಲ್ಲಿ ಬಿಯೆನಾಲೆ ಶುರುವಾದ ಮೇಲೆ ಹಳೆಯ ಗೋದಾಮುಗಳಿಗೂ ಬೆಲೆ ಬಂದಿದೆ. ಅಲ್ಲಿಂದ ಎರಡು ಕಿಲೋಮೀಟರ್ ಒಳಗೆ ಮಟ್ಟಾಂಚೇರಿಯಲ್ಲಿ ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ. ನಮ್ಮ ಭೋಗ್ಯದ ಹಾಗೆ ಅಲ್ಲಿ 'ಪಣಯ': ಕೆಲವು ಲಕ್ಷ ಒಟ್ಟಿಗೆ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಹಣ ವಾಪಸು ಪಡೆಯುವುದು. ಚೆರ್ಲಾಯಿಯ ಓಣಿಯಲ್ಲಿ ಕೊಂಕಣಿ ಕಿವಿಗೆ ಬಿದ್ದು, ಕುಂದಾಪುರದವನಾದ ನಾನು ಅಲ್ಲೇ ನಿಂತುಬಿಟ್ಟೆ. 16ನೇ ಶತಮಾನದಲ್ಲಿ ಗೋವಾ ಬಿಟ್ಟುಬಂದ ಗೌಡ ಸಾರಸ್ವತರು ನೆಲೆ ನಿಂತ ಜಾಗ ಅದು. ಕೊಚ್ಚಿಯ ರಾಜ ಜಾಗ ಕೊಟ್ಟ, ಅವರು ದೇವಸ್ಥಾನ ಕಟ್ಟಿಕೊಂಡರು, ವ್ಯಾಪಾರ ಹಿಡಿದರು. ಮನೆ ಹುಡುಕಿಕೊಂಡು ಈ ಊರಿಗೆ ಬಂದ ಪರದೇಶಿಗಳಲ್ಲಿ ನಾನು ಬಹಳ ಹಿಂದಿನ ಸಾಲಿನವನು.

ಕೊನೆಗೆ ಮನೆ ಸಿಕ್ಕಿದ್ದು ವೈಪಿನ್ ದ್ವೀಪದಲ್ಲಿ. ಸುಮಾರು 25 ಕಿಲೋಮೀಟರ್ ಉದ್ದದ, ಜನ ಕಿಕ್ಕಿರಿದ ಸಪೂರ ಪಟ್ಟಿ ಅದು. 1341ರಲ್ಲಿ ಪೆರಿಯಾರ್ ನದಿಗೆ ಬಂದ ಮಹಾ ನೆರೆ ಮುಸಿರಿಸ್ ಕಡೆಯ ಹಳೆಯ ಬಂದರನ್ನು ಹೂಳಿ ಕೊಚ್ಚಿಯ ಬಾಯಿ ತೆರೆಯಿತು, ವೈಪಿನ್ ಮೂಡಿದ್ದೂ ಆಗಲೇ ಎನ್ನುತ್ತಾರೆ. ಅದರ ನೆನಪಿಗೆ 'ಪುದುವೈಪ್' ಎಂಬ ಒಂದು ಶಕೆಯೇ ಬಳಕೆಯಲ್ಲಿತ್ತು. ಹೊಸದಾಗಿ ಬಂದುಬಿದ್ದ ನೆಲ ಎಂಬ ಅರ್ಥ. ಆ ಹೆಸರು ಊರಿನ ಹೆಸರಾಗಿ ಈಗಲೂ ಉಳಿದಿದೆ.

ಆದರೆ ನೆಲ ಮೂಡಿದ ಮಾತ್ರಕ್ಕೆ ಎಲ್ಲರಿಗೂ ಕಾಲಿಡಲು ಜಾಗವಿತ್ತು ಎನ್ನುವಂತಿಲ್ಲ. 1913ರಲ್ಲಿ ಎರ್ನಾಕುಲಂನಲ್ಲಿ ಪುಲಯರು ಸಭೆ ಸೇರಲು ಹೊರಟಾಗ ದಡದ ಮೇಲೆ ಜಾಗ ಸಿಗಲಿಲ್ಲ. ಪಂಡಿತ್ ಕರುಪ್ಪನ್ ಮತ್ತು ಸಂಗಡಿಗರು ದೋಣಿಗಳನ್ನು ಒಂದಕ್ಕೊಂದು ಕಟ್ಟಿ, ಮೇಲೆ ಹಲಗೆ ಹಾಸಿ, ಹಿನ್ನೀರಿನ ಮೇಲೆಯೇ ಸಭೆ ನಡೆಸಿದರು. ನೆಲ ರಾಜನದು, ನೀರು ಯಾರದೂ ಅಲ್ಲ ಎಂಬ ಲೆಕ್ಕ. ಈಗ ಅದೇ ಹಿನ್ನೀರಿಗೆ ಮುಖ ಮಾಡಿ ಅಪಾರ್ಟ್‌ಮೆಂಟುಗಳು ಏಳುತ್ತಿವೆ. ಬಾಲ್ಕನಿಯಿಂದ ನೀರು ಕಂಡರೆ ಬಾಡಿಗೆ ಜಾಸ್ತಿ.

ವೈಪಿನ್‌ನವರು ಬಹುಕಾಲ ಎರ್ನಾಕುಲಕ್ಕೆ ಹೋಗುತ್ತಿದ್ದುದು ದೋಣಿಯಲ್ಲಿ. ಸೇತುವೆಗೆ ಸರ್ಕಾರದಲ್ಲಿ ಹಣವಿಲ್ಲ ಎಂದಾದಾಗ ಹಿನ್ನೀರಿನ ಒಂದು ಭಾಗಕ್ಕೆ ಮಣ್ಣು ತುಂಬಿ, ಆ ನೆಲ ಮಾರಿ ಬಂದ ಹಣದಲ್ಲಿ ಸೇತುವೆ ಕಟ್ಟುವ ಉಪಾಯ ಹೂಡಿದರು. ಬೋಳ್ಗಾಟ್ಟಿ, ವಲ್ಲಾರ್‌ಪಾಡಂ ದ್ವೀಪಗಳನ್ನು ಹಾದು ಬರುವ ಗೋಶ್ರೀ ಸೇತುವೆಗಳು 2004ರಲ್ಲಿ ತೆರೆದವು. ತಮಾಷೆಯೆಂದರೆ, ಅದಾಗಿ ಎಷ್ಟೋ ವರ್ಷ ವೈಪಿನ್ ಬಸ್ಸುಗಳು ಸೇತುವೆ ದಾಟಿ ಹೈಕೋರ್ಟ್ ಜಂಕ್ಷನ್ನಿಗೇ ನಿಂತುಬಿಡುತ್ತಿದ್ದವು. ನಗರದೊಳಗೆ ಹೋಗಲು ಪರ್ಮಿಟ್ ಇರಲಿಲ್ಲ. ಇಳಿದು, ಓಡಿ, ಇನ್ನೊಂದು ಬಸ್ಸು ಹಿಡಿಯಬೇಕು.

2023ರ ಏಪ್ರಿಲ್‌ನಲ್ಲಿ ವಾಟರ್ ಮೆಟ್ರೋ ಬಂತು. ಹೈಕೋರ್ಟಿನಿಂದ ವೈಪಿನ್‌ಗೆ 20 ರೂಪಾಯಿ, ಎಸಿ ದೋಣಿ. ನನ್ನ ದಿನಚರಿ ಹೀಗಿತ್ತು: ಮನೆಯಿಂದ ಜೆಟ್ಟಿಗೆ ಬಸ್ಸು, ಜೆಟ್ಟಿಯಿಂದ ಹೈಕೋರ್ಟಿಗೆ ದೋಣಿ, ಆಟೋದಲ್ಲಿ ಮೆಟ್ರೋ ಸ್ಟೇಷನ್ನು, ಮೆಟ್ರೋದಲ್ಲಿ ವೈಟ್ಟಿಲ, ಮತ್ತೆ ದೋಣಿಯಲ್ಲಿ ಕಾಕ್ಕನಾಡ್, ಮತ್ತೆ ಬಸ್ಸು. ಒಳ್ಳೆಯ ದಿನ ಎರಡು ಗಂಟೆ. ಕೊಚ್ಚಿ ನೋಡಲು ಬಂದ ನೆಂಟರಿಗೆ ಇದಕ್ಕಿಂತ ಚೆಂದದ ಪ್ರವಾಸವಿಲ್ಲ, ದಿನಾ ಹೋಗುವವನಿಗೆ ಹೆಣ ಭಾರ.

ಬಾಡಿಗೆ ಒಂಬತ್ತು ಸಾವಿರ ಮಾತ್ರ ಏಕೆ ಎಂಬುದು ಆಮೇಲೆ ತಿಳಿಯಿತು. ಮಾಲಕಿ ಚೇಚಿ ಕೆಳಗಿನ ಮನೆಯಲ್ಲಿದ್ದರು. ಅವರ ಫ್ರಿಜ್ಜು, ಅಕ್ಕಿ ಡಬ್ಬಿ ಎಲ್ಲ ಕಲ್ಲಿನ ಮೇಲೆ. ಗೋಡೆಗೆ ಮೊಣಕಾಲೆತ್ತರದವರೆಗೆ ಬಿಳಿ ಉಪ್ಪಿನ ಗೆರೆ. "ವೇಲಿಯೇಟ್ಟಂ" ಎಂದರು. ನಮ್ಮ ಕಡೆ ಭರತ ಎನ್ನುತ್ತೇವಲ್ಲ, ಅದೇ. ಅಮಾವಾಸ್ಯೆ ಹುಣ್ಣಿಮೆಯ ಭರತದ ನೀರು ತೋಡು ಹತ್ತಿ ಅಂಗಳ ದಾಟಿ ಒಳಗೆ ಬರುತ್ತದೆ, ಮಳೆಯೇ ಇಲ್ಲದ ದಿನವೂ. ಇಟ್ಟಿಗೆ ಉಪ್ಪು ಕುಡಿದು ಪುಡಿಯಾಗುತ್ತದೆ. "ಮಾರಲು ಹೋದರೆ ಯಾರು ತಗೊಳ್ತಾರೆ ಮೋನೇ?" ಎಂದರು. ನನಗೆ ಅಗ್ಗವಾಗಿ ಸಿಕ್ಕಿದ್ದು ಅವರು ಬಿಟ್ಟುಹೋಗಲಾಗದ ಮನೆಯ ಮಹಡಿ.

ಒಂದು ವರ್ಷದ ಮೇಲೆ ಕಂಪನಿ ನನ್ನನ್ನು ತಿರುವನಂತಪುರಕ್ಕೆ ಕಳಿಸಿತು. ಖುಷಿಯಾಯಿತು. 1990ರಲ್ಲಿ ಶುರುವಾದ ಟೆಕ್ನೋಪಾರ್ಕ್ ಇರುವ ಕಳಕ್ಕೂಟ್ಟಂನಿಂದ ಕಡಲು ಕೆಲವೇ ಕಿಲೋಮೀಟರ್. ಮೂರೂ ಶರತ್ತು ಕೂಡಿಬರುವ ಊರು ಇದೇ ಇರಬೇಕು.

ಹುಡುಕುತ್ತಾ ತುಂಬಾ ಕಡೆ ಹೋದೆ. ನಮ್ಮ ರಾಕೆಟ್ ಕಥೆ ಹುಟ್ಟಿದ ಊರು ಅದು. ಕಾಂತೀಯ ಸಮಭಾಜಕ ರೇಖೆ ಅಲ್ಲಿ ಹಾದುಹೋಗುವುದರಿಂದ ಅರವತ್ತರ ದಶಕದ ಆರಂಭದಲ್ಲಿ ವಿಜ್ಞಾನಿಗಳ ಕಣ್ಣು ಆ ದಡದ ಮೇಲೆ ಬಿತ್ತು. ವಿಕ್ರಮ್ ಸಾರಾಭಾಯಿ ಬಿಷಪ್ಪರನ್ನು ಕಂಡದ್ದು, ಬಿಷಪ್ಪರು ಊರವರನ್ನು ಕೇಳಿದ್ದು, ಅವರು ಒಪ್ಪಿದ್ದು, ಇವನ್ನೆಲ್ಲ ಅಬ್ದುಲ್ ಕಲಾಂ ಮತ್ತೆ ಮತ್ತೆ ಹೇಳುತ್ತಿದ್ದರು. ಇಗರ್ಜಿ ಕಚೇರಿಯಾಯಿತು, ಈಗ ಮ್ಯೂಸಿಯಂ. 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ನಾನೂ ಶಾಲೆಯಲ್ಲಿ ಸೈಕಲ್ ಮೇಲೆ ರಾಕೆಟ್ ಭಾಗ ಒಯ್ಯುವ ಫೋಟೋ ನೋಡಿ ಹೆಮ್ಮೆಪಟ್ಟವನೇ. ಆ ಫೋಟೋದ ಚೌಕಟ್ಟಿನ ಹೊರಗೆ ಮನೆ ಖಾಲಿ ಮಾಡಿದ ಮೀನುಗಾರರು ಇದ್ದರೆಂದು ಹೊಳೆದದ್ದು ನಲವತ್ತು ದಾಟಿದ ಮೇಲೆ, ಬಾಡಿಗೆ ಮನೆ ಹುಡುಕುವಾಗ.

ಅಲ್ಲಿಂದ ದಕ್ಷಿಣಕ್ಕೆ ಶಂಖುಮುಖಂ, ವಲಿಯತುರ, ಪೂಂತುರ. ಪೂಂತುರದಲ್ಲಿ ಎಪ್ಪತ್ತರ ದಶಕದಲ್ಲಿ ಲಾರಿ ಬೇಕರ್ ಮೀನುಗಾರರಿಗೆ ಮನೆ ಕಟ್ಟಿಕೊಟ್ಟಿದ್ದರು. ಪುಟ್ಟ ಮನೆಗಳು, ಆದರೆ ಸೈನಿಕರಂತೆ ನೇರ ಸಾಲಿನಲ್ಲಿ ಅಲ್ಲ. ಒಂದನ್ನು ಇನ್ನೊಂದರಿಂದ ಸ್ವಲ್ಪ ಓರೆಯಾಗಿ ಸರಿಸಿದ್ದು, ಪ್ರತಿ ಮನೆಗೂ ಕಡಲು ಕಾಣಲಿ, ಗಾಳಿ ಒಂದರ ಹಿಂದೆ ಒಂದಕ್ಕೆ ಸಿಗಲಿ ಎಂದು. ಮೀನು ಒಣಗಿಸಲು, ಬಲೆ ಹರಡಲು ನಡುವೆ ಜಾಗ. ಸರ್ಕಾರದ ಬಡವರ ಮನೆ ಎಂದರೆ ಪೆಟ್ಟಿಗೆ ಜೋಡಿಸಿದ ಹಾಗೆ ಎಂಬ ಕಾಲದಲ್ಲಿ ಇಷ್ಟು ಯೋಚಿಸಿದ್ದೇ ದೊಡ್ಡದು.

ಆಮೇಲೆ ಕಡಲೇ ಮೇಲೇರಿ ಬರತೊಡಗಿತು. 2021ರಲ್ಲಿ ಶಂಖುಮುಖದ ರಸ್ತೆಯನ್ನೇ ಅಲೆ ತಿಂದುಹಾಕಿತು. ವಲಿಯತುರದಲ್ಲಿ ಮನೆ ಕಳೆದುಕೊಂಡ ಕುಟುಂಬಗಳು ಗೋದಾಮಿನೊಳಗೆ ಬಟ್ಟೆಯ ಪರದೆ ಕಟ್ಟಿಕೊಂಡು ವರ್ಷಗಟ್ಟಲೆ ಇದ್ದವು. ವಿಳಿಂಜಂ ಬಂದರಿನ ಕೆಲಸ ಶುರುವಾದ ಮೇಲೆ ಕೊರೆತ ಹೆಚ್ಚಾಯಿತು ಎಂಬುದು ಅವರ ದೂರು, ಬಂದರಿನವರು ಅದನ್ನು ಒಪ್ಪುವುದಿಲ್ಲ. 2022ರ ದೊಡ್ಡ ಚಳವಳಿಯ ಹೊತ್ತಿಗೆ ಸರ್ಕಾರ ಆ ಕುಟುಂಬಗಳಿಗೆ ತಿಂಗಳಿಗೆ 5,500 ರೂಪಾಯಿ ಬಾಡಿಗೆ ಹಣ ಗೊತ್ತುಮಾಡಿತು. ಹನ್ನೆರಡು ಸಾವಿರಕ್ಕೆ ಮನೆ ಸಿಗುತ್ತಿಲ್ಲವೆಂದು ಗೊಣಗುತ್ತಿದ್ದವನು ಆ ಅಂಕಿ ಓದಿ ಸುಮ್ಮನಾದೆ.

ಅದಕ್ಕೂ ಮೊದಲು ಬಂದ 'ಪುನರ್ಗೇಹಂ' ಯೋಜನೆಯ ಮೊತ್ತ 2,450 ಕೋಟಿ. ಭರತದ ಗೆರೆಯಿಂದ 50 ಮೀಟರ್ ಒಳಗಿರುವವರು ಬಿಟ್ಟುಹೋದರೆ ಕುಟುಂಬಕ್ಕೆ 10 ಲಕ್ಷ: ಜಾಗಕ್ಕೆ ಆರು, ಮನೆಗೆ ನಾಲ್ಕು. ಆರು ಲಕ್ಷಕ್ಕೆ ತಿರುವನಂತಪುರದ ಕರಾವಳಿಯಲ್ಲಿ ಮೂರು ಸೆಂಟ್ಸ್ ಎಲ್ಲಿದೆ ಎಂದು ನನ್ನ ದಲಾಳಿಯನ್ನು ಕೇಳಿದೆ. ಅವನು ಪೂರ್ವದ ಕಡೆ, ಗುಡ್ಡದ ಕಡೆ ಕೈ ತೋರಿಸಿದ. ಜಾಗದ ಬದಲು ಫ್ಲಾಟ್ ಆರಿಸಿಕೊಂಡವರೂ ಇದ್ದಾರೆ. ಮುಟ್ಟತ್ತರದಲ್ಲಿ 2018ರಲ್ಲಿ 192, 2025ರಲ್ಲಿ 332 ಫ್ಲಾಟುಗಳನ್ನು ಮೀನುಗಾರ ಕುಟುಂಬಗಳಿಗೆ ಕೊಟ್ಟರು. ಗಟ್ಟಿ ಮನೆ, ಅಲೆ ಒಳಗೆ ಬರುವುದಿಲ್ಲ.

ಕೊನೆಗೆ ನಾನು ಬಾಡಿಗೆ ಹಿಡಿದದ್ದೂ ಮುಟ್ಟತ್ತರದಲ್ಲೇ, ಆ ಫ್ಲಾಟುಗಳಿಂದ ಎರಡು ರಸ್ತೆ ಈಚೆ. ಬೈಪಾಸ್ ಹಿಡಿದರೆ ಆಫೀಸಿಗೆ ಮುಕ್ಕಾಲು ಗಂಟೆ. ಅಲೆಯ ಸದ್ದು ಕೇಳುವುದಿಲ್ಲ. ಚಹಾದಂಗಡಿಯಲ್ಲಿ ಪರಿಚಯವಾದ ಒಬ್ಬರನ್ನು ಇಲ್ಲಿನ ರೂಢಿಯಂತೆ ಅಣ್ಣಾ ಎನ್ನುತ್ತೇನೆ. ತಿರುವನಂತಪುರದ ಮಲಯಾಳದಲ್ಲೂ ಅಣ್ಣ ಅಣ್ಣನೇ, ಅದೊಂದು ಸಮಾಧಾನ. ವಲಿಯತುರದಲ್ಲಿ ಮನೆ ಇದ್ದಾಗ ಅವರು ಮಲಗಿದಲ್ಲಿಂದಲೇ ಸದ್ದು ಕೇಳಿ ದೋಣಿ ಇಳಿಸಬಹುದೋ ಬೇಡವೋ ಎಂದು ತೀರ್ಮಾನಿಸುತ್ತಿದ್ದರಂತೆ. ಈಗ ಬಲೆ, ಎಂಜಿನ್ನು ಇಡಲು ಅಲ್ಲಿ ಜಾಗವಿಲ್ಲ, ಇಲ್ಲಿ ಎರಡನೇ ಮಹಡಿಗೆ ಹೊರುವುದಕ್ಕಾಗುವುದಿಲ್ಲ.

ಗಂಗೊಳ್ಳಿಯ ನನ್ನ ಅಮ್ಮನಿಗೆ ಇದನ್ನು ಫೋನಿನಲ್ಲಿ ಹೇಳಿದೆ. ಅಲ್ಲಿ ಹೊಳೆಯಾಚೆ ಕುಂದಾಪುರ ಕಣ್ಣಿಗೆ ಕಾಣುತ್ತದೆ, ರಸ್ತೆಯಲ್ಲಿ ಸುತ್ತಿಹೋದರೆ ಹದಿನೈದು ಕಿಲೋಮೀಟರ್ ಆಸುಪಾಸು. ಸೇತುವೆ ಬೇಕೆಂದು ಊರವರ ಬೇಡಿಕೆ. "ಸೇತುವೆ ಬಂದ್ರೆ ನಮ್ಮ ಜಾಗಕ್ಕೆ ಒಳ್ಳೆ ರೇಟ್ ಬತ್ತ್ ಅಂಬ್ರಪ್ಪ" ಎಂದರು ಅಮ್ಮ. ನಾನು ಹೂಂ ಎಂದೆ.

ಬೆಳಗಿನ ಜಾವ ಎರಡೂವರೆಗೆ ಕೆಳಗಿನ ರಸ್ತೆಯಲ್ಲಿ ಅಣ್ಣನ ಸ್ಕೂಟರ್ ಹೋಗುತ್ತದೆ. ತಿರುವಿನಲ್ಲಿ ನಿಲ್ಲಿಸಿ, ದಡದ ಮೇಲೆ ಇನ್ನೂ ಉಳಿದಿರುವ ಯಾರಿಗೋ ಫೋನು ಮಾಡುತ್ತಾರೆ. ಇವತ್ತು ಕಡಲು ಹೇಗಿದೆ ಎಂದು ಕೇಳುವುದು ನನ್ನ ಕಿಟಕಿಗೆ ಕೇಳಿಸುತ್ತದೆ.