ಬೈಕಿನ ಹ್ಯಾಂಡಲ್ ಬದಲಾಯಿಸುವ ಮುನ್ನ: ಕೈ ಜೋಮು, ಬೆನ್ನು ನೋವು ಇರುವವರಿಗೆ ಮಾಹಿತಿ

ದಿನಕ್ಕೆ ಹತ್ತು-ಹನ್ನೆರಡು ಗಂಟೆ ಬೈಕಿನ ಮೇಲೆಯೇ ಕಳೆಯುವ ಡೆಲಿವರಿ ಹುಡುಗರು ಶಾರ್ಜಾದ ನಮ್ಮ ಬಿಲ್ಡಿಂಗಿನಲ್ಲಿ ಐದಾರು ಮಂದಿ ಇದ್ದಾರೆ. ಅದರಲ್ಲಿ ಬೈಂದೂರು ಕಡೆಯವನೊಬ್ಬ ಹೋದ ಚಳಿಗಾಲದಲ್ಲಿ ಕೇಳಿದ: "ಅಣ್ಣ, ರಾತ್ರಿ ರೂಮಿಗೆ ಬಂದ್ರೆ ಕಿರುಬೆರಳು, ಉಂಗುರ ಬೆರಳು ಎರಡೂ ಜೋಮು ಹಿಡೀತದೆ. ಎತ್ತರದ ಹ್ಯಾಂಡಲ್ ಹಾಕಿಸ್ಲಾ?" ನಾನು ಲೆಕ್ಕ ಬರೆಯುವವನು, ಮೆಕ್ಯಾನಿಕ್ ಅಲ್ಲ. ಆದರೆ ಊರಲ್ಲಿರುವ ನನ್ನ ಯೂನಿಕಾರ್ನಿಗೆ ಇದೇ ಕೆಲಸವನ್ನು ಒಮ್ಮೆ ತಪ್ಪಾಗಿ, ಮತ್ತೊಮ್ಮೆ ಸರಿಯಾಗಿ ಮಾಡಿಸಿ ಎರಡು ಸಲ ದುಡ್ಡು ಕೊಟ್ಟಿದ್ದೇನೆ. ಆ ಅನುಭವದ ಮೇಲೆ ಈ ಬರಹ.

ಮೊದಲು ನೋವು ಎಲ್ಲಿ ಎಂದು ನೋಡಿ. ಕಿರುಬೆರಳು ಮತ್ತು ಉಂಗುರ ಬೆರಳು ಜೋಮು ಹಿಡಿದರೆ ಅಂಗೈಯ ಹೊರ ಅಂಚಿನಲ್ಲಿ ಹಾಯುವ ಅಲ್ನಾರ್ ನರದ ಮೇಲೆ ಒತ್ತಡ ಬೀಳುತ್ತಿರಬಹುದು, ಅಂದರೆ ಮೈಭಾರ ಅಂಗೈ ಮೇಲೆ ಕೂತಿದೆ. ಹೆಬ್ಬೆರಳು, ತೋರು ಬೆರಳು, ನಡು ಬೆರಳು ಆದರೆ ಮಣಿಕಟ್ಟು ಬಗ್ಗಿದ ಭಂಗಿಯಲ್ಲೇ ಉಳಿದು ಮೀಡಿಯನ್ ನರ ಒತ್ತಿಕೊಳ್ಳುತ್ತಿರಬಹುದು. ಬೈಕ್ ಬಿಟ್ಟು ಎರಡು ದಿನ ರಜೆ ಹಾಕಿದರೂ ಜೋಮು ಹೋಗದಿದ್ದರೆ ಗ್ಯಾರೇಜಿಗಿಂತ ಮೊದಲು ಡಾಕ್ಟರ್ ಹತ್ತಿರ ಹೋಗಿ.

ಕೂರುವ ಭಂಗಿಯನ್ನು ಸೀಟು, ಫುಟ್‌ರೆಸ್ಟ್, ಹ್ಯಾಂಡಲ್ ಈ ಮೂರೂ ಸೇರಿ ತೀರ್ಮಾನಿಸುತ್ತವೆ. ರಾಯಲ್ ಎನ್‌ಫೀಲ್ಡಿನ ಇಂಟರ್‌ಸೆಪ್ಟರ್ 650 ಮತ್ತು ಕಾಂಟಿನೆಂಟಲ್ ಜಿಟಿ 650 ಎರಡಕ್ಕೂ ಇಂಜಿನ್ ಒಂದೇ. ಮೊದಲನೆಯದಕ್ಕೆ ಅಗಲವಾದ ಎತ್ತರದ ಹ್ಯಾಂಡಲ್. ಜಿಟಿಗೆ ತಗ್ಗಿನ ಕ್ಲಿಪ್-ಆನ್, ಜೊತೆಗೆ ಹಿಂದಕ್ಕೆ ಸರಿಸಿದ ಫುಟ್‌ರೆಸ್ಟ್. ಎರಡರ ಮೇಲೂ ಒಂದೊಂದು ಗಂಟೆ ಕೂತವನಿಗೆ ಬೇರೆ ವಿವರಣೆ ಬೇಡ.

ಖರ್ಚಿಲ್ಲದ ಕೆಲಸ ಮೊದಲು ಮಾಡಿ. ಕ್ಲಚ್ ಮತ್ತು ಬ್ರೇಕ್ ಲಿವರ್‌ಗಳ ಕ್ಲ್ಯಾಂಪ್ ಸಡಿಲಿಸಿ ಸ್ವಲ್ಪ ಕೆಳಕ್ಕೆ ತಿರುಗಿಸಬಹುದು. ನೀವು ಕೂತು ಕೈ ಚಾಚಿದಾಗ ಮೊಣಕೈಯಿಂದ ಬೆರಳ ತನಕ ಒಂದೇ ಗೆರೆಯಲ್ಲಿರಬೇಕು, ಲಿವರ್ ಹಿಡಿಯಲು ಮಣಿಕಟ್ಟು ಮೇಲಕ್ಕೆ ಮಡಚಬಾರದು. ನಮ್ಮ ಬೈಂದೂರಿನ ಹುಡುಗನದ್ದು ಇದೇ ತೊಂದರೆಯಾಗಿತ್ತು. ಎರಡೂ ಲಿವರ್ ಇಳಿಸಿ, ಒಣಗಿದ್ದ ಕ್ಲಚ್ ಕೇಬಲಿಗೆ ಎಣ್ಣೆ ಬಿಟ್ಟ ಮೇಲೆ ಜೋಮು ಬಹಳ ಮಟ್ಟಿಗೆ ಇಳಿಯಿತು. ಖರ್ಚು ಎರಡು ಕಡಕ್ ಚಹಾ.

ಅದು ಸಾಲದಿದ್ದರೆ ಹ್ಯಾಂಡಲ್ ಬಾರನ್ನೇ ಕ್ಲ್ಯಾಂಪಿನಲ್ಲಿ ತುಸು ಹಿಂದಕ್ಕೆ ತಿರುಗಿಸಿ ನೋಡಬಹುದು. ಮುಂದಿನ ಮೆಟ್ಟಿಲು ರೈಸರ್. ಇದು ಹಳೆಯ ಹ್ಯಾಂಡಲ್ ಕೆಳಗೆ ಕೂರಿಸುವ ಲೋಹದ ತುಂಡು. 20 ಮಿ.ಮೀ. ಒಳಗಿನ ಏರಿಕೆಗೆ ಎಷ್ಟೋ ಬೈಕುಗಳಲ್ಲಿ ಹಳೆಯ ಕೇಬಲ್ ಸಾಲುತ್ತದೆ, ಆದರೂ ಪರೀಕ್ಷಿಸದೆ ನಂಬಬೇಡಿ. ಪಲ್ಸರ್ 220ರ ಹಾಗೆ ಎಡ-ಬಲ ಬೇರೆ ಬೇರೆ ಇರುವ ಕ್ಲಿಪ್-ಆನ್ ಹ್ಯಾಂಡಲಿಗೆ ಒಂದೇ ಪೈಪಿನ ಬಾರ್ ನೇರವಾಗಿ ಕೂರುವುದಿಲ್ಲ, ಮೇಲಿನ ಪ್ಲೇಟ್ ಸಹಿತ ಬದಲಾಯಿಸಬೇಕಾಗಬಹುದು. ಅಲ್ಲಿ ಖರ್ಚಿನ ಲೆಕ್ಕವೇ ಬೇರೆ.

ಹೊಸ ಬಾರ್ ಕೊಳ್ಳುವವರು ಪೈಪಿನ ದಪ್ಪ ಮೊದಲು ನೋಡಿ. ನಮ್ಮ ಸಾಮಾನ್ಯ ಬೈಕುಗಳದ್ದು ಮುಕ್ಕಾಲು ಪಾಲು 22 ಮಿ.ಮೀ., ಅಂದರೆ 7/8 ಇಂಚು. ಹಾರ್ಲೆಯಂಥ ಕ್ರೂಸರ್‌ಗಳಲ್ಲಿ 1 ಇಂಚು. ಕೆಲವು ದಪ್ಪ ಬಾರ್‌ಗಳು ಹಿಡಿಯಲ್ಲಿ 22 ಇದ್ದರೂ ನಡುವೆ 28.6 ಮಿ.ಮೀ. ಇರುತ್ತವೆ, ಅವು ಹಳೆಯ ಕ್ಲ್ಯಾಂಪಿಗೆ ಹಿಡಿಸುವುದಿಲ್ಲ. ನಂತರ ಹಳೆಯದನ್ನು ಮೇಜಿನ ಮೇಲಿಟ್ಟು ಒಟ್ಟು ಅಗಲ, ಏರಿಕೆ, ಹಿಂದಕ್ಕೆ ಬಾಗಿದ ಅಳತೆ ಮೂರನ್ನೂ ಬರೆದುಕೊಳ್ಳಿ. ಫೋಟೋ ನೋಡಿ ಆನ್‌ಲೈನಲ್ಲಿ ತರಿಸಿದ್ದೇ ನನ್ನ ಮೊದಲ ತಪ್ಪು.

ಎರಡನೆಯ ತಪ್ಪು ಕೇಬಲಿನದ್ದು, ಅದು ಜೀವಕ್ಕೇ ಬರುವಂಥದ್ದು. ಹ್ಯಾಂಡಲ್ ಎತ್ತರವಾದಷ್ಟೂ ಎಕ್ಸಲೇಟರ್ ಕೇಬಲ್, ಕ್ಲಚ್ ಕೇಬಲ್, ಬ್ರೇಕ್ ಹೋಸ್, ಸ್ವಿಚ್ಚಿನ ವೈರ್ ನಾಲ್ಕೂ ಉದ್ದ ಸಾಕಾಗಬೇಕು. ನಮ್ಮೂರ ಗ್ಯಾರೇಜಿನವರು ಹಳೆಯ ಕೇಬಲನ್ನೇ ಎಳೆದು ಕೂರಿಸಿಬಿಟ್ಟಿದ್ದರು. ನೇರ ರಸ್ತೆಯಲ್ಲಿ ಏನೂ ಗೊತ್ತಾಗಲಿಲ್ಲ. ಮನೆ ಅಂಗಳದಲ್ಲಿ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದ್ದೇ, ಕೈ ತಿರುಚದೆಯೇ ಇಂಜಿನ್ ರೇಸ್ ಆಯಿತು. ಮಗಳು ಟ್ಯಾಂಕ್ ಮೇಲೆ ಕೂತಿದ್ದಳು. ಕ್ಲಚ್ ಒತ್ತಿ ಹಿಡಿದೆ, ಬಚಾವಾದೆವು.

ಹಾಗಾಗಿ ಗ್ಯಾರೇಜಿನಿಂದ ಬೈಕ್ ಹೊರಗೆ ತರುವ ಮುನ್ನ ಈ ಪರೀಕ್ಷೆ ನೀವೇ ನಿಂತು ಮಾಡಿಸಿ. ಹೊಗೆ ಕಟ್ಟಿಕೊಳ್ಳದ ಕಡೆ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಇಂಜಿನ್ ಸ್ಟಾರ್ಟ್ ಮಾಡಿ, ಹ್ಯಾಂಡಲನ್ನು ಎಡದ ತುದಿಯಿಂದ ಬಲದ ತುದಿಗೆ ನಿಧಾನ ತಿರುಗಿಸಿ. ಇಂಜಿನ್ ಸದ್ದು ಒಂದಿಷ್ಟೂ ಏರಬಾರದು. ಎಕ್ಸಲೇಟರ್ ಬಿಟ್ಟರೆ ಯಾವ ಕೋನದಲ್ಲೂ ತಾನಾಗಿಯೇ ವಾಪಸ್ ಬರಬೇಕು. ಅದರ ಹಿಡಿಯಲ್ಲಿ ಹೆಚ್ಚಿನ ಮ್ಯಾನ್ಯುಯಲ್‌ಗಳು ಹೇಳುವ 2ರಿಂದ 6 ಮಿ.ಮೀ. ಸಡಿಲ ಇರಲಿ. ಆಮೇಲೆ ಇಂಜಿನ್ ಆಫ್ ಮಾಡಿ ಹಿಂಬದಿಗೆ ಭಾರ ಹಾಕಿ ಮುಂದಿನ ಚಕ್ರ ನೆಲ ಬಿಡುವಂತೆ ಮಾಡಿ. ಫೋರ್ಕ್ ಪೂರ್ತಿ ಚಾಚಿಕೊಂಡಾಗಲೂ ಎರಡೂ ತುದಿಯಲ್ಲಿ ಬ್ರೇಕ್ ಹೋಸ್ ಬಿಗಿಯಬಾರದು. ಹೋಸ್ ಬದಲಾದರೆ ಬೋಲ್ಟಿನ ತಾಮ್ರದ ವಾಷರ್ ಹೊಸದು ಹಾಕಿಸಿ, ಗಾಳಿ ತೆಗೆಸಿ. ಲಿವರ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತಿದ್ದರೆ ಗಾಳಿ ಉಳಿದಿದೆ ಎಂದರ್ಥ. ಬ್ರೇಕ್ ಆಯಿಲ್ ಟ್ಯಾಂಕಿನ ಮೇಲೆ ಚೆಲ್ಲಿದರೆ ಪೇಂಟ್ ತಿನ್ನುತ್ತದೆ, ಬಟ್ಟೆ ಹೊದೆಸಲು ಹೇಳಿ.

ಕೂರಿಸುವಾಗ ಇನ್ನೊಂದು ಸಣ್ಣ ಸಂಗತಿ. ಸ್ವಿಚ್ ಬಾಕ್ಸಿನ ಒಳಗೆ ಚಿಕ್ಕ ಮೊಳೆಯಂಥ ಪಿನ್ ಇರುತ್ತದೆ, ಬಾರಿನಲ್ಲಿ ಅದಕ್ಕೊಂದು ತೂತು ಬೇಕು. ತೂತು ಕೊರೆಯಲು ಸೋಮಾರಿತನ ಮಾಡಿ ಪಿನ್ ಕತ್ತರಿಸುವವರಿದ್ದಾರೆ, ಆಮೇಲೆ ಸ್ವಿಚ್ ಬಾಕ್ಸ್ ಕೈಯಲ್ಲೇ ತಿರುಗುತ್ತದೆ. ಬಾರಿನ ತುದಿಯ ತೂಕದ ಗುಂಡುಗಳನ್ನೂ ಬಿಡಬೇಡಿ, ಅವು ಅಲಂಕಾರವಲ್ಲ, ಕೈಗೆ ಬರುವ ನಡುಕ ತಗ್ಗಿಸುತ್ತವೆ.

ಎತ್ತರ ಅತಿಯಾಗಲೂಬಾರದು. ನೆಟ್ಟಗೆ ಕೂತರೆ ಅಂಗೈ ಭಾರ ಇಳಿಯುತ್ತದೆ, ಆದರೆ ಅದು ಸೊಂಟಕ್ಕೆ ಹೋಗುತ್ತದೆ. ಹೈವೇ ಗಾಳಿ ಎದೆಗೆ ಹೊಡೆದು ಕೈ ಎಳೆಯುತ್ತದೆ. ಡೆಲಿವರಿ ಬಾಕ್ಸ್ ಇರುವವರಿಗೆ ಇನ್ನೂ ಒಂದು ಅಪಾಯ: ಹಿಂದೆ ಬಾಕ್ಸಿನ ಭಾರ, ಜೊತೆಗೆ ನಿಮ್ಮ ಭಾರವೂ ಹಿಂದಕ್ಕೆ ಸರಿದರೆ ಮುಂದಿನ ಚಕ್ರ ಹಗುರಾಗಿ, ಮರಳು ಬಿದ್ದ ತಿರುವಿನಲ್ಲಿ ಹಿಡಿತ ಸಿಗುವುದಿಲ್ಲ.

ಕಂಪನಿಯ ಬೈಕ್ ಆದರೆ ಲಿಖಿತ ಒಪ್ಪಿಗೆ ಇಲ್ಲದೆ ಬಾರ್ ಮುಟ್ಟಲೇಬೇಡಿ. ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ಕೇಳುವ ಪ್ರಶ್ನೆ ಅದೇ ಆದೀತು, ಸಂಬಳದಲ್ಲಿ ಕಡಿತವೂ ಬಂದೀತು. ಸ್ವಂತ ಬೈಕಿನವರು ಮುಲ್ಕಿಯಾ ನವೀಕರಣದ ಟೆಸ್ಟಿಂಗ್ ಸೆಂಟರಿನಲ್ಲಿ ಮೊದಲೇ ಕೇಳಿಕೊಳ್ಳಿ. ಊರಿನ ಬೈಕಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. 2019ರ ತಿದ್ದುಪಡಿಯ ನಂತರ ಆ ಕಾಯ್ದೆ ಒಪ್ಪದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಆದ್ದರಿಂದ ಅತಿ ಎತ್ತರದ, ಶೋಕಿಯ ಹ್ಯಾಂಡಲ್ ಬೇಡ. ಹಳೆಯ ಬಾರ್ ಮತ್ತು ಬಿಲ್ ಜೋಪಾನವಾಗಿಡಿ, ಮಾರುವಾಗ ಬೇಕಾಗುತ್ತದೆ.

ಹೊಸ ಬಾರ್ ಕೂತ ಮೇಲೆ ಮೊದಲ ವಾರ ಸುಮ್ಮನೆ ಓಡಿಸಿ, ಆಮೇಲೆ ಕ್ಲ್ಯಾಂಪ್ ಬೋಲ್ಟ್‌ಗಳನ್ನು ಮ್ಯಾನ್ಯುಯಲ್‌ನಲ್ಲಿರುವ ಅಳತೆಗೆ ಟಾರ್ಕ್ ಸ್ಪ್ಯಾನರಿನಲ್ಲಿ ಇನ್ನೊಮ್ಮೆ ನೋಡಿಸಿ.