ಗಿಳಿಯ ಹೊಟ್ಟೆಯ ಕಾಗದ

ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾಟಕ ಮಾಡಿಸುವವರಿಗೆ ಮೊಟ್ಟಮೊದಲು ಎದುರಾಗುವುದು ಮೀಸೆಯ ಪ್ರಶ್ನೆ. ರಾಜನ ಪಾತ್ರ ಎಲ್ಲರಿಗೂ ಬೇಕು. ಕಾಡಿಗೆಯಲ್ಲಿ ಮೀಸೆ ಬರೆಯಲು ಹೋದರೆ ಮಾತ್ರ "ಮಿಸ್, ನಮ್ಮಣ್ಣ ನೋಡಿದ್ರೆ ಬೈತಾನೆ" ಎಂದು ಮುಖ ಮುಚ್ಚಿಕೊಳ್ಳುತ್ತಾರೆ. 1999ರ ಜನವರಿಯಲ್ಲಿ ವಾರ್ಷಿಕೋತ್ಸವಕ್ಕೆಂದು ‘ಪಂಜರಶಾಲೆ’ಯನ್ನು ಕೈಗೆತ್ತಿಕೊಂಡಾಗ ನಾನು ಆ ಹುಡುಗಿಯರಿಗೆ ಆರ್. ನಾಗರತ್ನಮ್ಮನವರ ವಿಷಯ ಹೇಳಿದೆ. 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ಗಂಡು ಪಾತ್ರಗಳನ್ನೂ ಹೆಂಗಸರಿಂದಲೇ ಮಾಡಿಸಿದ ಗಟ್ಟಿಗಿತ್ತಿ ಆಕೆ. ಸ್ವತಃ ಕಂಸ, ರಾವಣರಾಗಿ ಗದೆ ಹೊತ್ತು ಅಬ್ಬರಿಸಿದವರು. ಗಂಡಸರು ಸೀರೆ ಉಟ್ಟು ಹೆಣ್ಣಾದರೆ ಊರಿಗೆ ಊರೇ ಮೆಚ್ಚಿತ್ತಂತೆ, ಹೆಣ್ಣು ಮೀಸೆ ಅಂಟಿಸಿಕೊಂಡರೆ ಯಾಕೆ ನಾಚಿಕೆ? ಮೀಸೆಯ ತಕರಾರು ಅಲ್ಲಿಗೆ ಮುಗಿಯಿತು.

‘ಪಂಜರಶಾಲೆ’ಯ ಮೂಲ ರವೀಂದ್ರನಾಥ ಠಾಕೂರರು 1918ರಲ್ಲಿ ಬರೆದ ಗಿಳಿಯ ಕಥೆ. ಒಂದು ಗಿಳಿ, ತನ್ನ ಪಾಡಿಗೆ ಹಾಡುತ್ತಿತ್ತು, ಕುಣಿಯುತ್ತಿತ್ತು. ಶಾಸ್ತ್ರ ಮಾತ್ರ ಬರುತ್ತಿರಲಿಲ್ಲ. ಅದಕ್ಕೆ ವಿದ್ಯೆ ಕಲಿಸಿ ಎಂದು ರಾಜನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕ ನಕಲು ಮಾಡುವವರು ಬರುತ್ತಾರೆ. ಎಲ್ಲರ ಮನೆಯೂ ತುಂಬುತ್ತದೆ. ಗಿಳಿಯ ಬಾಯಿಗೆ ಹಾಳೆ ತುರುಕಿ ತುರುಕಿ ಅದರ ಹಾಡು ನಿಲ್ಲುತ್ತದೆ, ಕೊನೆಗೆ ಉಸಿರೂ ನಿಲ್ಲುತ್ತದೆ. ರಾಜ ಮುಟ್ಟಿ ನೋಡಿದರೆ ಹೊಟ್ಟೆಯೊಳಗಿನ ಒಣ ಕಾಗದ ಸರಬರ ಎನ್ನುತ್ತದೆ.

ಇದನ್ನು ಕನ್ನಡದ ಮಕ್ಕಳಿಗೆ ಹಾಡಿನ ನಾಟಕ ಮಾಡಿಕೊಟ್ಟವರು ಬಿ.ವಿ. ಕಾರಂತರು. ದಕ್ಷಿಣ ಕನ್ನಡದ ಮಂಚಿಯ ಈ ಹುಡುಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ಕಂಪನಿ ಸೇರಿದ್ದು, ವೀರಣ್ಣನವರೇ ಅವರನ್ನು ಓದಲು ಕಾಶಿಗೆ ಕಳಿಸಿದ್ದು, ಅಲ್ಲಿ ಎಂ.ಎ. ಜೊತೆಗೆ ಓಂಕಾರನಾಥ ಠಾಕೂರರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತದ್ದು, ವೈದೇಹಿಯವರು ನಿರೂಪಿಸಿದ ಆತ್ಮಕಥೆ ಓದಿದವರಿಗೆ ಗೊತ್ತಿರುತ್ತದೆ. ಕಾರಂತರು 1969ರಿಂದ 1972ರವರೆಗೆ ದೆಹಲಿಯ ಸರ್ದಾರ್ ಪಟೇಲ್ ವಿದ್ಯಾಲಯದಲ್ಲಿ ಮಕ್ಕಳಿಗೆ ನಾಟಕ ಕಲಿಸುವ ಮೇಷ್ಟ್ರಾಗಿದ್ದರು ಎಂಬುದು ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ. ‘ಫಣಿಯಮ್ಮ’ ಸಿನಿಮಾ ಮಾಡಿದ ಅವರ ಶ್ರೀಮತಿ ಪ್ರೇಮಾ ಕಾರಂತರೂ ಶಾಲೆಯಲ್ಲಿ ಪಾಠ ಹೇಳಿದವರೇ. 1979ರಲ್ಲಿ ಬೆನಕ ಮಕ್ಕಳ ಕೇಂದ್ರ ಕಟ್ಟಿದವರು.

ಕಂಪನಿ ನಾಟಕಗಳ ಕಾಲದಲ್ಲಿ ಕಂಠವಿದ್ದವರಿಗೇ ಮುಖ್ಯ ಪಾತ್ರ. ಕಾಲಲ್ಲಿ ತಿದಿ ಒತ್ತುವ ಲೆಗ್ ಹಾರ್ಮೋನಿಯಂ ಶ್ರುತಿ ಹಿಡಿದರೆ, ಮೈಕಿಲ್ಲದೆಯೂ ಆ ದನಿ ಕಟ್ಟಕಡೆಯ ಸಾಲಿಗೆ ಮುಟ್ಟಬೇಕು. ಜನ ‘ಒನ್ಸ್ ಮೋರ್’ ಎಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಕೂತು ಹಾಡಿ, ಮತ್ತೆ ಸಾಯುತ್ತಿತ್ತು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಈಗಿನವರು ಅದಕ್ಕೆ ನಗುತ್ತಾರೆ. ನನಗೇನೋ ನಗು ಬರುವುದಿಲ್ಲ. ಜನ ಎತ್ತಿನ ಗಾಡಿ ಕಟ್ಟಿಕೊಂಡು ಬಂದಿದ್ದೇ ಹಾಡಿಗಾಗಿ. ಕಾರಂತರು ಆ ಹಾಡನ್ನು ಬಿಸಾಡಲಿಲ್ಲ, ಅದರ ಜಾಗ ಬದಲಿಸಿದರು. 1972ರ ‘ಜೋಕುಮಾರಸ್ವಾಮಿ’ಯಲ್ಲಿ, ದಾಸರ ಪದಗಳನ್ನು ಹೊಸದಾಗಿ ಕೇಳಿಸಿದ ‘ಸತ್ತವರ ನೆರಳು’ ನಾಟಕದಲ್ಲಿ, ಹಾಡು ಒಬ್ಬ ನಟನ ಸ್ವತ್ತಾಗದೆ ಗುಂಪಿನದಾಯಿತು. ಆಟ ನಿಲ್ಲಿಸಿ ಹಾಡುವ ಬದಲು ಹಾಡೇ ಆಟವನ್ನು ಮುಂದಕ್ಕೆ ನೂಕಿತು.

ನನ್ನಂಥ ಟೀಚರಿಗೆ ಇದರಿಂದ ಆದ ಉಪಕಾರ ದೊಡ್ಡದು. ಪ್ರಾರ್ಥನೆಯ ಸಾಲಿನಿಂದ "ನೀನು ಸುಮ್ನೆ ಬಾಯಾಡಿಸು ಸಾಕು" ಎಂದು ಹಿಂದೆ ತಳ್ಳಿಸಿಕೊಂಡ ಹುಡುಗಿಯರೆಲ್ಲ ನಾಟಕಕ್ಕೆ ಬಂದರು. ಒಬ್ಬಳು ತೆಂಗಿನ ಚಿಪ್ಪು ಕುಟ್ಟಿದಳು, ಒಬ್ಬಳು ಜಾಮಿಟ್ರಿ ಬಾಕ್ಸ್ ಅಲ್ಲಾಡಿಸಿದಳು. ನಾಲ್ಕು ಬೆಂಚು ಜೋಡಿಸಿದರೆ ಅರಮನೆ. ಎಂಟು ಮಂದಿ ಕೈ ಕೈ ಹಿಡಿದು ಸುತ್ತ ನಿಂತರೆ ಅದೇ ಪಂಜರ. ಹಾಡುತ್ತಾ ಹಾಡುತ್ತಾ ಆ ಸುತ್ತು ಕಿರಿದಾಗಬೇಕು. ಬಹಳ ದಿನ ಅದು ಕೂಡಿಬರಲಿಲ್ಲ. ತಾಳಕ್ಕೆ ಹೆಜ್ಜೆ ಹಾಕಿದರೆ ಹಾಡು ಮರೆಯುವುದು, ಹಾಡು ನೆನಪಾದರೆ ಹೆಜ್ಜೆ ತಪ್ಪುವುದು. "ಮತ್ತೆ ಹೇಳು, ಇನ್ನೊಂದು ಸಲ ಹೇಳು" ಎಂದು ನಾನು ಕೋಲು ಹಿಡಿದು ಮೇಜು ಕುಟ್ಟುತ್ತಿದ್ದೆ. ಪಂಡಿತನ ಪಾತ್ರದವಳು ನನ್ನನ್ನೇ ಅನುಕರಿಸಿ ಮೇಜು ಕುಟ್ಟಿ ಎಲ್ಲರನ್ನೂ ನಗಿಸಿದ ದಿನ ಕೋಲನ್ನು ಬೀರುವಿಗೆ ಹಾಕಿದೆ.

ಗಿಳಿಯಾಗಿದ್ದವಳು ಹತ್ತನೇ ತರಗತಿಯವಳು. ಇಡೀ ಶಾಲೆಯಲ್ಲೇ ಅಂಥ ಕಂಠವಿರಲಿಲ್ಲ. ಮೊದಲ ದೃಶ್ಯದಲ್ಲಿ ಅವಳು ಹಾಡಿಕೊಂಡು ಓಡಾಡಿದರೆ ಪಕ್ಕದ ಕೋಣೆಯ ಗಣಿತದ ಮೇಷ್ಟರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಪ್ರದರ್ಶನಕ್ಕೆ ಹನ್ನೆರಡು ದಿನವಿದ್ದಾಗ ಆಡಳಿತ ಮಂಡಳಿಯಿಂದ ಸೂಚನೆ ಬಂತು: ಎಸ್.ಎಸ್.ಎಲ್.ಸಿ. ಮಕ್ಕಳು ನಾಟಕ, ಡ್ಯಾನ್ಸು ಯಾವುದಕ್ಕೂ ಸೇರಕೂಡದು, ಸಂಜೆ ಸ್ಪೆಷಲ್ ಕ್ಲಾಸು, ಈ ಸಲ ರಿಸಲ್ಟು ಏರಲೇಬೇಕು.

ನಾನು ಜಗಳವಾಡಬಹುದಿತ್ತು. ಆಡಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ನನಗೂ ಅದು ಸರಿಯೆಂದೇ ಕಂಡಿತ್ತು. ಅವಳ ಅಪ್ಪ ಹಮಾಲಿ ಮಾಡುವವರು, ಪಾಸಾಗದಿದ್ದರೆ ಮದುವೆ ಮಾಡಿ ಕಳಿಸಿಬಿಡುತ್ತಾರೆಂಬ ಹೆದರಿಕೆ. ನಾನೇ ಕರೆದು, "ಓದಿಕೊಳ್ಳಮ್ಮ, ನಾಟಕ ಮುಂದೆಯೂ ಮಾಡಬಹುದು" ಎಂದೆ. ಮುಂದೆ ಎಲ್ಲಿ ಮಾಡುತ್ತಾಳೆ ಎಂದು ನನಗೂ ಗೊತ್ತಿರಲಿಲ್ಲ. ಅವಳು "ಆಯ್ತು ಮಿಸ್" ಎಂದಳು, ಅಷ್ಟೇ.

ಅವಳ ಜಾಗಕ್ಕೆ ಬಂದ ಒಂಬತ್ತನೆಯವಳದು ಗೊಗ್ಗರು ದನಿ. ಕಾರಂತರ ರೀತಿ ಎಂದು ಅಷ್ಟೆಲ್ಲ ಮಾತಾಡಿದ ನನಗೇ ಅವಳ ಹಾಡು ಕೇಳಿ ಜೀವ ಕುಸಿಯಿತು. ಆದರೆ ಆ ಮಗು ಹಾಡುವುದನ್ನು ಬಿಟ್ಟು ಕಿರುಚತೊಡಗಿತು, ಸಿಳ್ಳೆ ಹಾಕಿತು, ರೆಕ್ಕೆ ಬಡಿಯಿತು. ಅಪ್ಪಟ ಗಿಳಿ! ಸ್ಪೆಷಲ್ ಕ್ಲಾಸಿನ ಕಿಟಕಿ ನಾವು ತಾಲೀಮು ನಡೆಸುವ ಅಂಗಳಕ್ಕೇ ತೆರೆಯುತ್ತಿತ್ತು. ಒಂದು ಸಂಜೆ ಅತ್ತ ನೋಡಿದೆ. ಹಳೆಯ ಗಿಳಿ ಪುಸ್ತಕದ ಮೇಲೆ ಬಗ್ಗಿತ್ತು. ತುಟಿ ಮಾತ್ರ ನಮ್ಮ ಹಾಡಿಗೆ ಆಡುತ್ತಿತ್ತು. ಆಮೇಲೆ ನಾನು ಆ ಕಡೆಗೆ ಬೆನ್ನು ಹಾಕಿ ನಿಲ್ಲತೊಡಗಿದೆ.

ವಾರ್ಷಿಕೋತ್ಸವದ ರಾತ್ರಿ ಶಾಮಿಯಾನಾ ತುಂಬಿತ್ತು. ಮೀಸೆಯ ರಾಜ ಬಂದಾಗ ಸಿಳ್ಳೆ ಬಿತ್ತು. ಅವಳ ಅಣ್ಣನದೂ ಇತ್ತಂತೆ. ಪಂಜರದ ಸುತ್ತು ತಾಳ ತಪ್ಪದೆ ಕಿರಿದಾಯಿತು. ಕೊನೆಯ ದೃಶ್ಯ ಬಂತು. ಕಾಗದದ ಸದ್ದು ಮಾಡಬೇಕಾದವಳು ಹೆದರಿಯೋ ಏನೋ ನಾಪತ್ತೆ! ರಾಜ ಗಿಳಿಯತ್ತ ಬೆರಳು ಚಾಚಿ ಹಾಗೇ ನಿಂತಿದ್ದಾನೆ. ನಾನು ಪಕ್ಕದ ಪರದೆಯ ಹಿಂದೆ ಕೈಗೆ ಸಿಕ್ಕಿದ್ದಕ್ಕೆಲ್ಲ ತಡಕಾಡುತ್ತಿದ್ದೆ. ಅಷ್ಟರಲ್ಲಿ ಮೈಕಿನ ಹತ್ತಿರ ಯಾರೋ ಬಂದು ಕೂತರು. ಹಳೆಯ ಗಿಳಿಯೇ. ಯಾವಾಗ ಒಳಗೆ ನುಸುಳಿದ್ದಳೋ! ಕೈಯಲ್ಲಿದ್ದ ಹಾಳೆಗಳನ್ನು ಮೈಕಿಗೆ ಹಿಡಿದು ನಿಧಾನವಾಗಿ, ಬಹಳ ನಿಧಾನವಾಗಿ ಮುದುರಿದಳು. ಮೊದಲು ಒಂದಿಬ್ಬರು ನಕ್ಕರು. ಆಮೇಲೆ ಶಾಮಿಯಾನಾದಲ್ಲಿ ಆ ಸದ್ದು ಒಂದೇ.

ಪರದೆ ಬಿದ್ದ ಮೇಲೆ ಅವಳ ಕೈಯಲ್ಲಿದ್ದುದನ್ನು ಬಿಡಿಸಿ ನೋಡಿದೆ. ನಾನೇ ಹಿಂದಿನ ದಿನ ಕೊಟ್ಟಿದ್ದ, ಸೈಕ್ಲೋಸ್ಟೈಲ್ ಮಾಡಿಸಿದ ಸಮಾಜ ಪರಿಚಯದ ಪ್ರಶ್ನೆಪತ್ರಿಕೆ.

"ಮಿಸ್, ಇನ್ನೊಂದು ಕಾಪಿ ಇದ್ಯಾ?" ಎಂದಳು.